ಹಾಫ್ ಕ್ಲಚ್ ಮೇಷ್ಟ್ರ ಎರಡನೆಯ ಬ್ರೇಕು

ಕಾರು ಕಲಿಸುವ ಶಾಲೆಯ ಕಾರಿನಲ್ಲಿ ಎರಡು ಬ್ರೇಕುಗಳಿರುತ್ತವೆ. ಒಂದು ಕಲಿಯುವವರ ಕಾಲಬುಡದಲ್ಲಿ, ಇನ್ನೊಂದು ಪಕ್ಕದಲ್ಲಿ ಕೂತ ಮೇಷ್ಟ್ರ ಕಾಲಬುಡದಲ್ಲಿ. ಮೊದಲನೆಯದು ಕಾರು ನಿಲ್ಲಿಸುವುದಕ್ಕೆ, ಎರಡನೆಯದು ಊರಿನ ಪ್ರಾಣ ಉಳಿಸುವುದಕ್ಕೆ. ನಮ್ಮ ಹಾಫ್ ಕ್ಲಚ್ ಮೇಷ್ಟ್ರು ಪ್ರಾಯ ಬಂದಾಗಿನಿಂದ ಈ ಎರಡನೆಯ ಬ್ರೇಕಿನ ಮೇಲೆ ಬಲಗಾಲಿಟ್ಟು ಕೂತವರು. ತರಕಾರಿ ಗಾಡಿಗಳು, ಕರೆಂಟು ಕಂಬಗಳು, ಮೂತಿ ತಿರುವಿಕೊಂಡು ರಸ್ತೆ ದಾಟುವ ಬೆಕ್ಕುಗಳು, ಒಂದು ಬ್ಯಾಂಕಿನ ಗಾಜಿನ ಬಾಗಿಲು, ಇವೆಲ್ಲ ಇನ್ನೂ ಇದ್ದ ಹಾಗೇ ಇದ್ದರೆ ಅದು ಆ ಕಾಲಿನ ಕೃಪೆ. ಊರವರು ಎಂದಾದರೂ ಕೃತಜ್ಞತೆಯಿಂದ ಪ್ರತಿಮೆ ನಿಲ್ಲಿಸುವುದಾದರೆ ಇಡೀ ಮೇಷ್ಟ್ರು ಬೇಕಾಗಿಲ್ಲ, ಒಂದು ಬಲಗಾಲ ಚಪ್ಪಲಿ ಸಾಕು.

ಮೇಷ್ಟ್ರ ನಿಜವಾದ ಹೆಸರು ಅವರ ಲೈಸೆನ್ಸಿನಲ್ಲಿದೆಯಂತೆ, ನೋಡಿದವರಿಲ್ಲ. ಕಾರು ಹೊರಡಿಸುವಾಗ ಕ್ಲಚ್ಚನ್ನು ಪೂರ್ತಿ ಬಿಡದೆ, ಪೂರ್ತಿ ಒತ್ತದೆ, ನಡುವೆ ಹಿಡಿಯಬೇಕು ಎಂದು ಹೇಳಿ ಹೇಳಿ ಆ ಮಾತು ಅವರ ಬಾಯಿಗೆ ಅಂಟಿಕೊಂಡುಬಿಟ್ಟಿತ್ತು. ಬಿಸಿ ಚಹಾ ಕುಡಿಯುವವನಿಗೂ ‘ಹಾಫ್ ಕ್ಲಚ್, ಹಾಫ್ ಕ್ಲಚ್’, ಬೀರು ಎತ್ತಿ ಮೆಟ್ಟಿಲು ಹತ್ತುತ್ತಿರುವ ಕೂಲಿಗಳಿಗೂ ‘ಹಾಫ್ ಕ್ಲಚ್’. ಆಳು ಕುಳ್ಳು, ಮೀಸೆ ಮಾತ್ರ ಎತ್ತರದವರ ಅಳತೆಯದು. ಅವರ ಕೈಯಲ್ಲಿ ಕಾರು ಕಲಿತ ನಾವೆಲ್ಲ ಇವತ್ತಿಗೂ ಓಡಿಸುವಾಗ ಪಕ್ಕದ ಖಾಲಿ ಸೀಟಿನ ಕಡೆ ಒಮ್ಮೆ ಹೆದರಿಕೆಯಿಂದ ನೋಡಿಕೊಳ್ಳುತ್ತೇವೆ.

ಇಂಥ ವೀರರ ಮನೆಯಲ್ಲಿ ಅವರಿಗಿಂತ ದೊಡ್ಡ ವೀರರು ಇಬ್ಬರಿದ್ದರು. ಒಬ್ಬರು ಹೆಂಡತಿ. ಪರದೆ ಅಂಗಡಿಯಲ್ಲಿ ಹೊಲಿಗೆ ಕೆಲಸ. ಕಿಟಕಿಯನ್ನು ಒಮ್ಮೆ ನೋಡಿದರೆ ಸಾಕು, ಎಷ್ಟು ಬಟ್ಟೆ ಬೇಕೆಂದು ಹೇಳುತ್ತಿದ್ದರು. ಗಂಡನನ್ನೂ ಮದುವೆಯಾದ ವಾರದಲ್ಲೇ ಹಾಗೆ ಅಳೆದು ಮಡಿಸಿಟ್ಟಿದ್ದರು. ಇನ್ನೊಬ್ಬಳು ಮಗಳು. ಹುಟ್ಟಿದಾಗ ಅಷ್ಟು ಪುಟ್ಟದಾಗಿ, ದುಂಡಗೆ ಇದ್ದುದರಿಂದ ಬಟಾಣಿ. ಐದು ತುಂಬಿದ್ದರೂ ಬಟಾಣಿಯೇ.

ಬಟಾಣಿಯ ಕಾಲಿನ ಸ್ನಾಯುಗಳು ಹುಟ್ಟಿನಿಂದಲೇ ಬಿಗಿ. ಹಿಮ್ಮಡಿ ನೆಲಕ್ಕೆ ಊರುವುದಿಲ್ಲ, ಮಂಡಿಗಳು ಒಂದಕ್ಕೊಂದು ತಾಗುತ್ತವೆ. ಡಾಕ್ಟರು ಆಗಲೇ ಹೇಳಿದ್ದರು, ಇದು ಹೋಗುವಂಥದ್ದಲ್ಲ, ಆದರೆ ಇದರ ಜೊತೆಗೇ ನಡೆಯುವುದನ್ನು ಅವಳು ಕಲಿಯುತ್ತಾಳೆ ಎಂದು. ಆ ದಿನ ಮನೆಗೆ ಬಂದ ಮೇಷ್ಟ್ರು ಸ್ವಲ್ಪ ಹೊತ್ತು ಕಾರಿನಲ್ಲೇ ಕೂತಿದ್ದರು, ಆಮೇಲೆ ಕನ್ನಡಿ ಒರೆಸುವ ಹಳದಿ ಬಟ್ಟೆಯಲ್ಲಿ ಮುಖ ಒರೆಸಿಕೊಂಡು ಮೇಲೆ ಬಂದರು. ಅಳುವ ಕಾರ್ಯಕ್ರಮ ಅಲ್ಲಿಗೆ ಮುಗಿಯಿತು. ಮುಂದೆ ಅದಕ್ಕೆ ಪುರುಸೊತ್ತೂ ಇರಲಿಲ್ಲ, ಯಾಕೆಂದರೆ ಬಟಾಣಿ ಮಾತು ಕಲಿತುಬಿಟ್ಟಳು.

ಬೆಳಗ್ಗೆ ಅವಳು ಹೊರಡುವ ವೈಭವವೇ ವೈಭವ. ಮೊದಲು ಎರಡು ಕಾಲಿಗೂ ಮಂಡಿಯ ಕೆಳಗಿನ ಪ್ಲಾಸ್ಟಿಕ್ ಕವಚ. ಪಟ್ಟಿಗಳನ್ನು ಚರ್‍ರ್ ಎಂದು ಎಳೆದು ಬಿಗಿಯುವ ಕೆಲಸ ಅಪ್ಪನದು. ಯುದ್ಧಕ್ಕೆ ಹೊರಟ ರಾಜಕುಮಾರಿಗೆ ಸೇವಕನೊಬ್ಬ ಕವಚ ತೊಡಿಸುವ ಹಾಗೆ ಮೇಷ್ಟ್ರು ಮಂಡಿಯೂರಿ ಕೂತಿರುತ್ತಿದ್ದರು. ‘ಬಿಗಿ ಆಯ್ತು, ಸಡಿಲ ಮಾಡು, ಅಷ್ಟಲ್ಲ’ ಎಂದು ರಾಜಕುಮಾರಿ ಮೇಲಿನಿಂದ ಆಜ್ಞೆ ಕೊಡುತ್ತಿದ್ದಳು. ಆಮೇಲೆ ರಥ, ಅಂದರೆ ಗಾಲಿ ಇರುವ ವಾಕರ್. ಮನೆ ಮೊದಲನೆಯ ಮಹಡಿಯಲ್ಲಿತ್ತು. ಮೆಟ್ಟಿಲನ್ನು ಅವಳು ಕೂತುಕೊಂಡೇ ಒಂದೊಂದಾಗಿ ಇಳಿಯುತ್ತಿದ್ದಳು, ಹಿಂದೆ ತಲೆಯ ಮೇಲೆ ವಾಕರ್ ಹೊತ್ತ ಅಪ್ಪ. ಮೆಟ್ಟಿಲು ಗುಡಿಸುವ ಖರ್ಚು ಉಳಿಯಿತೆಂದು ಮನೆಯ ಮಾಲೀಕನಿಗೆ ಒಳಗೊಳಗೇ ಖುಷಿ.

ಎತ್ತಿಕೊಂಡು ಇಳಿಸಿದರೆ ಬೇಗ ಆಗುತ್ತದಲ್ಲ ಎಂದು ಕೇಳಿದವರಿಗೆ ಬಟಾಣಿಯಿಂದ ಪಾಠವಾಗುತ್ತಿತ್ತು. ಎತ್ತಿಕೊಳ್ಳುವುದರ ಮೇಲೆ ಅವಳಿಗೆ ತೀರದ ದ್ವೇಷ. ಕಾರಣವೂ ಖಚಿತ.

“ಎತ್ಕೊಂಡ್ರೆ ನಂಗೆ ಬರೀ ಕಿವಿ ಕಾಣತ್ತೆ. ದೊಡ್ಡಪ್ಪನ ಕಿವೀಲಿ ಎಷ್ಟು ಕೂದಲಿದೆ ಗೊತ್ತಾ?”

ಈ ಮಾತು ದೊಡ್ಡಪ್ಪ ಎದುರಿಗೇ ಕೂತಿದ್ದಾಗ ಬಂದದ್ದು. ಆ ಮೇಲೆ ಬಂಧುಬಳಗದಲ್ಲಿ ಅವಳನ್ನು ಎತ್ತಿಕೊಳ್ಳುವ ಉತ್ಸಾಹ ತಾನಾಗಿಯೇ ಇಳಿಯಿತು.

ಹೀಗಿರುವಾಗ ಶಾಲೆಗೆ ಸೇರಿಸುವ ಕಾಲ ಬಂತು. ಮನೆಯ ಹತ್ತಿರದ ಶಾಲೆಯ ಹೆಡ್‌ಮಿಸ್ ಒಳ್ಳೆಯವರೇ. ಸೀಟು ಕೊಟ್ಟರು, ನೆಲಮಹಡಿಯ ಕ್ಲಾಸು ಕೊಟ್ಟರು, ಮೆಟ್ಟಿಲಿನ ಬದಲು ಇಳಿಜಾರು ಇರುವ ಕಡೆಯ ಬಾಗಿಲು ತೋರಿಸಿದರು. ಅಪ್ಪ ಅಮ್ಮ ಗೇಟಿನ ಒಳಗೆ ಬರುವ ಹಾಗಿಲ್ಲ, ಅದು ಎಲ್ಲರಿಗೂ ಒಂದೇ ನಿಯಮ, ಆದರೆ ಚಿಂತೆಯಿಲ್ಲ, ಆಯಾ ಗೇಟಿನಿಂದ ಎತ್ತಿಕೊಂಡು ಕ್ಲಾಸಿಗೆ ಬಿಡುತ್ತಾಳೆ ಎಂದು ಪ್ರೀತಿಯಿಂದಲೇ ಹೇಳಿದರು. ಮೇಷ್ಟ್ರು ಥ್ಯಾಂಕ್ಸ್ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಬಟಾಣಿ ಪಕ್ಕದಲ್ಲೇ ನಿಂತಿದ್ದ ಆಯಾಳ ಕಿವಿಗಳನ್ನು ಪರೀಕ್ಷಿಸಿ ನೋಡಿ ತೀರ್ಪು ಕೊಟ್ಟಾಗಿತ್ತು.

“ನಾನೇ ನಡ್ಕೊಂಡ್ ಬರ್ತೀನಿ.”

ಹೆಡ್‌ಮಿಸ್ ಒಂದು ಕ್ಷಣ ಯೋಚಿಸಿದರು. ಅಂಗಳ ದೊಡ್ಡದು, ಆಮೇಲೆ ಇಳಿಜಾರು ಹತ್ತಬೇಕು, ಆಮೇಲೆ ಉದ್ದನೆಯ ಜಗಲಿ. ಸರಿ, ಮೊದಲ ದಿನ ನೋಡೋಣ ಎಂದರು. ಆಯಾ ಪಕ್ಕದಲ್ಲೇ ಇರುತ್ತಾಳೆ. ದಾರಿಯಲ್ಲಿ ಸುಸ್ತಾಗಿ ನಿಂತುಬಿಟ್ಟರೆ ಎತ್ತಿಕೊಳ್ಳುತ್ತಾಳೆ, ಆಮೇಲೆ ದಿನವೂ ಹಾಗೆಯೇ, ಹಟ ಮಾಡಬಾರದು. ಬಟಾಣಿ ಕೈ ಚಾಚಿದಳು. ಹೆಡ್‌ಮಿಸ್ ಕೈ ಕುಲುಕಿದರು. ಒಪ್ಪಂದ ಆಯಿತು.

ಆಗ ಶುರುವಾಯಿತು ನೋಡಿ ಮೇಷ್ಟ್ರ ಸಂಕಟ. ಯಾಕೆಂದರೆ ಮನೆಯಲ್ಲಿ ಬಟಾಣಿ ನಡುವೆ ನಿಲ್ಲದೆ ನಡೆದದ್ದನ್ನು ಅವರು ನೋಡಿಯೇ ಇರಲಿಲ್ಲ. ಹಜಾರದ ಈ ತುದಿಯಿಂದ ಹೊರಡುವಳು, ನಾಲ್ಕಾರು ಹೆಜ್ಜೆ, ನಿಂತಳು. ಮತ್ತೆ ಹೊರಡುವಳು, ಸೋಫಾ ಹತ್ತಿರ ನಿಂತಳು. ಆದರೆ ವ್ಯಾಯಾಮಕ್ಕೆ ಕರೆದೊಯ್ಯುತ್ತಿದ್ದ ಹೆಂಡತಿ, ಆಸ್ಪತ್ರೆಯ ಕಾರಿಡಾರಿನಲ್ಲಿ ಇವಳು ಈ ಕೊನೆಯಿಂದ ಆ ಕೊನೆಗೆ ಒಂದೇ ಸಮನೆ ಹೋಗುತ್ತಾಳೆ, ದಾರಿಗೆ ಅಡ್ಡ ಬಂದವರನ್ನು ಗದರಿಸುತ್ತಾಳೆ ಎಂದು ಹೇಳುತ್ತಿದ್ದರು. ಮೇಷ್ಟ್ರಿಗೆ ಬೆಳಗಿನ ಹೊತ್ತು ಶಿಷ್ಯರು ಜಾಸ್ತಿ, ಆಸ್ಪತ್ರೆಗೆ ಹೋಗಲು ಆಗುತ್ತಿರಲಿಲ್ಲ. ತಾಯಿಯ ಕಣ್ಣಿಗೆ ಎಲ್ಲ ಹೆಚ್ಚಾಗಿ ಕಾಣುತ್ತದೆ ಎಂದುಕೊಂಡರು. ಹಾಗೆ ಅಂದುಕೊಂಡದ್ದನ್ನು ಹೆಂಡತಿಯ ಎದುರು ಬಾಯಿಬಿಡದಷ್ಟು ಬುದ್ಧಿ ಅವರಿಗಿತ್ತು.

ವಾಹನ ಅರ್ಧ ದಾರಿಯಲ್ಲಿ ನಿಂತರೆ ಮೇಷ್ಟ್ರು ಸುಮ್ಮನಿರುವ ಜಾತಿಯಲ್ಲ. ವಾಕರನ್ನು ತಲೆಕೆಳಗೆ ಮಾಡಿ ಗಾಲಿಗಳಿಗೆ ಎಣ್ಣೆ ಬಿಟ್ಟರು. ನೆಲ ಓರೆಯಿದೆಯೇನೋ ಎಂದು ಗೋಲಿ ಉರುಳಿಸಿ ನೋಡಿದರು. ಗೋಲಿ ಬೀರುವಿನ ಅಡಿಗೆ ಹೋಯಿತು, ಅದನ್ನು ತೆಗೆಯಲು ಹೋಗಿ ಮೇಷ್ಟ್ರ ಕೈ ಸಿಕ್ಕಿಕೊಂಡಿತು. ಹಿಡಿಗೆ ಹೊಸ ರಬ್ಬರು ಹಾಕಿದರು. ನಿಂತಾಗ ಹಿಂದೆ ಬರುವುದನ್ನೂ, ಸುತ್ತಿ ತಿರುಗುವುದನ್ನೂ ಮಗಳಿಗೆ ಶಾಸ್ತ್ರೋಕ್ತವಾಗಿ ಕಲಿಸಿದರು. ಅವಳು ಎಲ್ಲವನ್ನೂ ಕಲಿತಳು, ನಿಲ್ಲುವುದನ್ನು ಮಾತ್ರ ಬಿಡಲಿಲ್ಲ. ಸುಸ್ತಾಯಿತೇ ಎಂದರೆ ಇಲ್ಲ. ಕಾಲು ನೋವೇ ಎಂದರೆ ಇಲ್ಲ. ಮತ್ತೆ ಯಾಕೆ ನಿಂತೆ ಎಂದರೆ ಅಪ್ಪನ ಮುಖವನ್ನೇ ಪಿಳಿಪಿಳಿ ನೋಡುವಳು, ಇದೆಂಥ ಪ್ರಶ್ನೆ ಎನ್ನುವ ಹಾಗೆ.

ಶಾಲೆ ಶುರುವಾಗುವ ದಿನ ಹತ್ತಿರ ಬಂತು. ಮೇಷ್ಟ್ರಿಗೆ ಊಟ ಸೇರದಾಯಿತು. ಮಗಳು ಅಂಗಳದ ನಡುವೆ ನಿಂತುಬಿಟ್ಟ ಹಾಗೆ, ಆಯಾ ಬಂದು ಎತ್ತಿಕೊಂಡ ಹಾಗೆ, ಮಗಳು ಆ ಹೆಗಲ ಮೇಲಿನಿಂದ ತನ್ನನ್ನೇ ನೋಡುತ್ತ ದೂರವಾದ ಹಾಗೆ ಹಗಲಲ್ಲೇ ಕಾಣತೊಡಗಿತು. ಆ ಯೋಚನೆಯಲ್ಲೇ ಒಬ್ಬ ಶಿಷ್ಯನಿಗೆ ಏಕಮುಖ ರಸ್ತೆಯಲ್ಲಿ ಎದುರುಮುಖವಾಗಿ ಹೋಗಲು ಹೇಳಿದರು. ಶಿಷ್ಯ ಗುರುಭಕ್ತಿಯಿಂದ ಹೋದ.

ಗುಟ್ಟು ಬಯಲಾದದ್ದು ಕೆಳಮನೆಯಿಂದ. ಕೆಳಗಿದ್ದವರು ಗಡಿಯಾರ ರಿಪೇರಿ ಮಾಡುವ ತಾತ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆ ಕಾಳಿಗಿಂತ ಸಣ್ಣ ತಿರುಪುಮೊಳೆಗಳನ್ನು ಚಿಮಟಿಗೆಯಲ್ಲಿ ಹಿಡಿದು ಮನೆಯಲ್ಲೇ ಕೆಲಸ. ಒಂದು ಸಂಜೆ ಅವರು ಆ ಭೂತಗನ್ನಡಿ ಹಣೆಯ ಮೇಲೇರಿಸಿಕೊಂಡೇ ಮೆಟ್ಟಿಲು ಹತ್ತಿ ಬಂದು, ಉಸಿರು ಬಿಟ್ಟು, ಬಾಗಿಲಲ್ಲೇ ನಿಂತು ದೂರು ಹೇಳಿದರು. ಮೇಲಿನಿಂದ ಯಾರೋ ದಿನವೂ ನೆಲ ಗುದ್ದುತ್ತಾರೆ. ಗುದ್ದಿದಾಗಲೆಲ್ಲ ಒಂದೊಂದು ಮೊಳೆ ಹಾರಿಹೋಗುತ್ತದೆ. ಒಬ್ಬ ಗಿರಾಕಿಯ ವಾಚಿನ ಮೊಳೆಯನ್ನು ಚಹಾ ಲೋಟದಲ್ಲಿ ಹುಡುಕಿ ತೆಗೆದದ್ದಾಯಿತು, ಇನ್ನೊಬ್ಬನದನ್ನು ತಾವು ನುಂಗಿರಬೇಕೆಂದು ಅನುಮಾನ.

ಮೇಷ್ಟ್ರು ಬೆಚ್ಚಿಬಿದ್ದು ಕ್ಷಮೆ ಕೇಳಿದರು. ಮಗು ವಾಕರ್ ಹಿಡಿದು ನಡೆಯುತ್ತಾಳೆ, ಪಾಪ, ಅದರ ಶಬ್ದ ಇರಬೇಕು ಎಂದರು.

“ಮಗೂದು ನಂಗೊತ್ತಿಲ್ವಾ ಮೇಷ್ಟ್ರೇ? ಅದು ಟಕ್, ಟಕ್, ಟಕ್. ನಂಗೆ ಅದಿಲ್ದಿದ್ರೆ ಕೆಲ್ಸಾನೇ ಓಡಲ್ಲ. ಆಮೇಲೆ ಬರತ್ತಲ್ಲ ಧಡ್ ಅಂತ, ಅದ್ಯಾರದು? ಆ ಧಡ್ ಆದ್ ತಕ್ಷಣ ಟಕ್ ಟಕ್ ನಿಂತ್‌ಹೋಗತ್ತೆ.”

ಮೇಷ್ಟ್ರ ಹೆಂಡತಿ ಕೈಯಲ್ಲಿದ್ದ ಪರದೆ ಬಟ್ಟೆಯನ್ನು ನಿಧಾನವಾಗಿ ಕೆಳಗಿಟ್ಟು ಗಂಡನ ಬಲಗಾಲನ್ನು ನೋಡಿದರು. ತಾತನೂ ಭೂತಗನ್ನಡಿ ಇಳಿಸಿಕೊಂಡು ಅದನ್ನೇ ನೋಡಿದರು. ಕೊನೆಗೆ ಮೇಷ್ಟ್ರೂ ಬಗ್ಗಿ, ಬೇರೆ ಯಾರದೋ ಕಾಲೆಂಬಂತೆ ನೋಡಿಕೊಂಡರು.

ವಿಷಯ ಇಷ್ಟೇ. ಮಗಳು ಸ್ವಲ್ಪ ವಾಲಿದರೆ ಸಾಕು, ಮೇಷ್ಟ್ರ ಎದೆ ಝಲ್ಲೆನ್ನುತ್ತಿತ್ತು, ಬಲಗಾಲು ತನ್ನಷ್ಟಕ್ಕೇ ಹೋಗಿ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಅದು ಅವರಿಗೇ ಗೊತ್ತಿರಲಿಲ್ಲ. ನೆಲಕ್ಕೆ ಗೊತ್ತಿತ್ತು, ಕೆಳಮನೆಯ ಮೊಳೆಗಳಿಗೆ ಗೊತ್ತಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಬಟಾಣಿಗೆ ಗೊತ್ತಿತ್ತು.

“ಅಪ್ಪ ಬ್ರೇಕ್ ಹಾಕಿದ್ರೆ ನಿಲ್ಬೇಕಲ್ವಾ?” ಎಂದಳು ಅವಳು, ವಿಧೇಯ ಶಿಷ್ಯೆಯಂತೆ. ವಾಲುವುದು ಅವಳ ನಡಿಗೆಯ ಒಂದು ಭಾಗವೇ. ಅತ್ತ ವಾಲಿ ಇತ್ತ ಬಂದರೇ ಅವಳಿಗೆ ಹೆಜ್ಜೆ. ನಾಲ್ಕಾರು ಹೆಜ್ಜೆಗೊಮ್ಮೆ ಅಪ್ಪ ಬ್ರೇಕು ಹಾಕುತ್ತಿದ್ದರು. ಮೇಷ್ಟ್ರ ಹೆಂಡತಿ ಬೈಯಲಿಲ್ಲ. ಸೆರಗು ಬಾಯಿಗೊತ್ತಿಕೊಂಡು ಅಡುಗೆಮನೆಗೆ ಹೋದರು. ಅಲ್ಲಿಂದ ಬಹಳ ಹೊತ್ತು ಪಾತ್ರೆಗಳ ಸದ್ದು ಬರುತ್ತಿತ್ತು, ನಗುವನ್ನು ಮುಚ್ಚಲು ಬೇಕಾದುದಕ್ಕಿಂತ ಸ್ವಲ್ಪ ಕಡಿಮೆ.

ಆ ಮೇಲೆ ಬಲಗಾಲಿನ ವಿರುದ್ಧ ದಂಡಯಾತ್ರೆ ಶುರುವಾಯಿತು. ಮೇಷ್ಟ್ರು ಮೊದಲು ಕಾಲಿನ ಕೆಳಗೆ ದಿಂಬು ಇಟ್ಟುಕೊಂಡರು. ದಿಂಬು ಹರಿದು ಹಜಾರದ ತುಂಬ ಹತ್ತಿ. ಕಾಲನ್ನು ಕುರ್ಚಿಗೆ ಟವೆಲಿನಿಂದ ಕಟ್ಟಿಕೊಂಡರು. ಕಾಲು ಕುರ್ಚಿಯನ್ನೂ ಕರೆದುಕೊಂಡು ಹೋಗಿ ಬ್ರೇಕು ಒತ್ತಿತು, ಮೊಳೆಗಳ ಜೊತೆ ಈ ಸಲ ತಾತನ ಚಿಮಟಿಗೆಯೂ ಹಾರಿತು. ಆಮೇಲೆ ಹೆಂಡತಿಯ ಸಲಹೆಯಂತೆ ಬಲಗಾಲನ್ನು ನೀರಿನ ಬಕೆಟ್ಟಿನಲ್ಲಿ ಇಳಿಬಿಟ್ಟು ಕೂತರು. ಧಡ್ ಎನ್ನುವ ಬದಲು ಚಿಲ್ ಎಂದಿತು. ಬಟಾಣಿ ನಿಲ್ಲಲಿಲ್ಲ, ಆದರೆ ನಗು ತಡೆಯಲಾರದೆ ವಾಕರ್ ಮೇಲೆ ಜೋತುಬಿದ್ದಳು. ನೆಲ ಒದ್ದೆಯಾಗಿ ಜಾರತೊಡಗಿದ್ದರಿಂದ ಆ ಮಹಾಪ್ರಯೋಗವನ್ನು ಅಲ್ಲಿಗೇ ಕೈಬಿಡಬೇಕಾಯಿತು.

ಕೊನೆಗೆ ದಾರಿ ಹೇಳಿದವಳು ಬಟಾಣಿಯೇ. ಕಾರಿನ ಹಿಂದಿನ ಸೀಟಿನಲ್ಲಿ ಕೂತು ಅಪ್ಪ ಪಾಠ ಮಾಡುವುದನ್ನು ಅವಳು ಎಷ್ಟೋ ಸಲ ನೋಡಿದ್ದಳು.

“ನೀನು ಹಿಂದಿನ ಸೀಟಿಗೆ ಹೋಗಪ್ಪ. ಅಲ್ಲಿ ಬ್ರೇಕೇ ಇಲ್ಲ.”

ಮನೆಯಲ್ಲಿ ಹಿಂದಿನ ಸೀಟು ಎಲ್ಲಿ ಎಂದು ಹುಡುಕಿ, ಹಜಾರ ಕಾಣುವ ಅಡುಗೆಕಟ್ಟೆಯ ಮೇಲೆ ಎಂದು ಅವಳೇ ತೀರ್ಮಾನಿಸಿದಳು. ಅಲ್ಲಿ ಕೂತರೆ ಕುಳ್ಳ ಮೇಷ್ಟ್ರ ಕಾಲು ನೆಲಕ್ಕೆ ತಾಗುವುದಿಲ್ಲ. ಹೀಗೆ, ಊರಿಗೆ ಊರನ್ನೇ ಕಾಪಾಡಿದ ಆ ಕಾಲು ಗಾಳಿಯಲ್ಲಿ ತೂಗಾಡಿತು. ಮಗಳು ವಾಲಿದಾಗಲೆಲ್ಲ ಪಕ್ಕದ ಕಪಾಟನ್ನು ಒದೆಯಲು ನೋಡಿತು, ಹೆಂಡತಿ ಸೌಟಿನಿಂದ ಅದಕ್ಕೆ ಬುದ್ಧಿ ಹೇಳಿದರು. ಬಟಾಣಿ ಹಜಾರದ ಈ ತುದಿಯಿಂದ ಹೊರಟಳು. ಸೋಫಾ ದಾಟಿದಳು, ಮೇಜು ದಾಟಿದಳು, ಬಾಗಿಲು ದಾಟಿ ಮಲಗುವ ಕೋಣೆಗೆ ಹೋಗಿ ಕಣ್ಮರೆಯಾದಳು. ಟಕ್ ಟಕ್ ಮಾತ್ರ ಕೇಳಿಸುತ್ತಿತ್ತು. ಅದು ನಿಲ್ಲಲಿಲ್ಲ. ಕೆಳಗಿನಿಂದ ತಾತ ಕೋಲಿನಿಂದ ತಮ್ಮ ಮನೆಯ ಸೂರನ್ನು ಮೃದುವಾಗಿ ತಟ್ಟಿದರು. ಶಭಾಷ್ ಎನ್ನುವ ಬಗೆ ಅದು.

ಹಜಾರದಲ್ಲಿ ಗೆದ್ದದ್ದಾಯಿತು. ಆದರೆ ಶಾಲೆಯ ಅಂಗಳದಲ್ಲಿ ಅಡುಗೆಕಟ್ಟೆ ಇಲ್ಲವಲ್ಲ.

ಮೊದಲ ದಿನ ಗೇಟಿನ ಹೊರಗೆ ತಂದೆತಾಯಿಗಳ ಸಂತೆಯೇ ನೆರೆದಿತ್ತು. ಮಕ್ಕಳು ಅಳುತ್ತಿದ್ದರು, ಮಕ್ಕಳಿಗಿಂತ ಜೋರಾಗಿ ಒಂದಿಬ್ಬರು ಅಪ್ಪಂದಿರು ಅಳುತ್ತಿದ್ದರು. ಬಟಾಣಿ ಅಳಲಿಲ್ಲ. ಬೆಳಗ್ಗೆ ಕವಚ ತೊಡಿಸುವಾಗ ಮೇಷ್ಟ್ರು ಪಟ್ಟಿಗಳನ್ನು ಬಿಚ್ಚಿ ಕಟ್ಟಿ ಬಿಚ್ಚಿ ಕಟ್ಟಿ ತಡಮಾಡಿದ್ದರು ಎಂಬ ಸಿಟ್ಟು ಅವಳಿಗೆ. ಅಪ್ಪನಿಗೆ ಟಾಟಾ ಕೂಡ ಹೇಳದೆ ಒಳಗೆ ಹೋದಳು. ಪಕ್ಕದಲ್ಲಿ ಆಯಾ, ಕೈಗಳನ್ನು ಅರ್ಧ ಚಾಚಿಕೊಂಡು. ಮೇಷ್ಟ್ರು ಗೇಟಿನ ಸರಳುಗಳನ್ನು ಹಿಡಿದುಕೊಂಡರು. ಹೆಂಡತಿ ಪಕ್ಕಕ್ಕೆ ಬಂದು, ಚಪ್ಪಲಿಯ ಹಿಮ್ಮಡಿಯನ್ನು ಗಂಡನ ಬಲಪಾದದ ಮೇಲಿಟ್ಟು, ಪೂರ್ತಿ ಭಾರ ಬಿಟ್ಟು ನಿಂತರು.

ಬಟಾಣಿ ನಡೆದಳು. ಅತ್ತ ವಾಲಿದಳು, ಇತ್ತ ಬಂದಳು. ಚಪ್ಪಲಿಯ ಅಡಿಯಲ್ಲಿ ಮೇಷ್ಟ್ರ ಕಾಲು ಸಿಕ್ಕಿಬಿದ್ದ ಇಲಿಯಂತೆ ಒದ್ದಾಡಿತು, ಸದ್ದು ಮಾಡಲಿಲ್ಲ. ಧ್ವಜಸ್ತಂಭ ದಾಟಿದಳು. ನೀರಿನ ನಲ್ಲಿ ದಾಟಿದಳು. ಇನ್ನೇನು ಇಳಿಜಾರು. ಅಷ್ಟರಲ್ಲಿ ಶಾಲೆಯ ಪಕ್ಕ ಕಟ್ಟುತ್ತಿದ್ದ ಮನೆಯೊಂದರ ಮುಂದೆ ಲಾರಿಯಿಂದ ಯಾರೋ ಒಂದು ಸಿಮೆಂಟ್ ಮೂಟೆಯನ್ನು ನೆಲಕ್ಕೆ ಹಾಕಿದರು. ಧಡ್.

ಬಟಾಣಿ ನಿಂತಳು.

ಹೆಂಡತಿ ಸರಕ್ಕನೆ ತಿರುಗಿ ಗಂಡನ ಮುಖ ನೋಡಿದರು, ಆಮೇಲೆ ತಮ್ಮ ಚಪ್ಪಲಿ ನೋಡಿದರು. ಪಾದ ಅದರ ಕೆಳಗೇ ಇತ್ತು. ಅಂಗಳದಲ್ಲಿ ಆಯಾ ಬಗ್ಗಿ ಎರಡೂ ಕೈ ಮುಂದೆ ಮಾಡಿದಳು.

“ನಿಂತಿಲ್ಲ ಆಂಟಿ, ತಿರುಗ್ತಾ ಇದೀನಿ. ಸ್ವಲ್ಪ ಜಾಗ ಬಿಡಿ.”

ಅಂಗಳದವರೆಲ್ಲ ಕೇಳುವಷ್ಟು ಜೋರಾಗಿ ಹೇಳಿ, ಬಟಾಣಿ ವಾಕರನ್ನು ಒಂದಿಷ್ಟು ಹಿಂದೆ, ಒಂದಿಷ್ಟು ಪಕ್ಕಕ್ಕೆ, ಮತ್ತೆ ಹಿಂದೆ ಎಳೆದು ಪೂರ್ತಿ ಗೇಟಿನ ಕಡೆ ತಿರುಗಿದಳು. ಮೇಷ್ಟ್ರು ಕಲಿಸಿದ್ದಕ್ಕಿಂತ ಚೊಕ್ಕವಾಗಿತ್ತು. ತಿರುಗಿ ಅಪ್ಪನನ್ನು ಕೆಕ್ಕರಿಸಿ ನೋಡಿದಳು. ಮೇಷ್ಟ್ರು ಎರಡೂ ಕೈ ಮೇಲೆತ್ತಿ, ತಲೆ ಅಲ್ಲಾಡಿಸಿ, ಲಾರಿಯ ಕಡೆ ಬೆರಳು ಮಾಡಿ, ತಾವು ನಿರಪರಾಧಿ ಎಂದು ಸನ್ನೆಯಲ್ಲೇ ವಾದಿಸಿದರು. ಸಾಕ್ಷಿಗೆ ಹೆಂಡತಿ ತಮ್ಮ ಚಪ್ಪಲಿಯ ಕಡೆ ತೋರಿಸಿದರು. ಬಟಾಣಿ ಸಾಕ್ಷ್ಯವನ್ನು ಪರಿಶೀಲಿಸಿದಳು. ಲಾರಿಯಿಂದ ಇನ್ನೊಂದು ಮೂಟೆ ಬಿತ್ತು. ಅವಳು ಒಮ್ಮೆ ಲಾರಿಯನ್ನು, ಒಮ್ಮೆ ಅಪ್ಪನನ್ನು ನೋಡಿ, ಬಿಡುಗಡೆ ಎಂಬಂತೆ ತಲೆ ಆಡಿಸಿ, ಮತ್ತೆ ಹಾಗೆಯೇ ಹಿಂದೆ ಮುಂದೆ ಮಾಡಿ ತಿರುಗಿ ಹೊರಟಳು. ಮೂಟೆಗಳು ಬೀಳುತ್ತಲೇ ಇದ್ದವು. ಅವಳು ಮತ್ತೆ ನಿಲ್ಲಲಿಲ್ಲ.

ಆದರೆ ಎರಡೆರಡು ಸಲ ತಿರುಗುವುದರಲ್ಲಿ ಹೊತ್ತಾಗಿತ್ತು. ಅವಳು ಇಳಿಜಾರಿನಲ್ಲಿರುವಾಗಲೇ ಗಂಟೆ ಹೊಡೆಯಿತು. ಅಂಗಳ ಖಾಲಿಯಾಯಿತು. ಬಟಾಣಿ ಜಗಲಿಯ ಕಂಬಗಳ ನಡುವೆ ಕಂಡಳು, ಮರೆಯಾದಳು, ಕಂಡಳು, ಕೊನೆಯ ಕಂಬದ ಆಚೆ ಹೋದಳು. ಆಮೇಲೆ ಏನಾಯಿತೋ ಗೊತ್ತಾಗಲಿಲ್ಲ. ಕಾವಲಿನವನು ಗೇಟಿಗೆ ಬೀಗ ಹಾಕಿದ. ಮೇಷ್ಟ್ರು ಸರಳು ಬಿಡಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಆಯಾ ಖಾಲಿ ಕೈ ಬೀಸಿಕೊಂಡು ಬಂದಳು. ಮುಖ ಸಪ್ಪಗಿತ್ತು.

“ಎತ್ಕೊಂಡ್ರಾ?” ಎಂದರು ಮೇಷ್ಟ್ರು.

“ಎಲ್ಲಿ ಎತ್ಕೊಳ್ಳೋದು, ಹತ್ರ ಹೋದ್ರೆ ಗದರಿಸ್ತಾಳೆ. ತಾನೇ ಹೋದ್ಲು. ಆದ್ರೆ ಪಾಪ, ಕ್ಲಾಸ್ ಮಿಸ್ ಬೈದ್ರು. ಹೊಸಬ್ರು, ಸ್ವಲ್ಪ ಕಟ್ಟುನಿಟ್ಟು. ಶೂ ಕಳ್ಕೊಂಡು ಲೇಟಾಗಿ ಬಂದ ಇನ್ನೊಂದು ಹುಡುಗನ್ ಜೊತೆ ಬಾಗಿಲಲ್ಲೇ ನಿಲ್ಸಿ ಇಬ್ರಿಗೂ ಬೈದ್ರು. ಬೇಜಾರ್ ಮಾಡ್ಕೋಬೇಡಿ ಸಾರ್.”

“ಏನಂತ ಬೈದ್ರು?”

“ಮೊದಲ್ನೇ ದಿನಾನೇ ಲೇಟಾ, ನಾಳೆಯಿಂದ ಮನೆಯಿಂದ ಬೇಗ ಹೊರಡ್ಬೇಕು ಅಂತ.”

“ಇಬ್ರಿಗೂ ಒಂದೇ ತರ?”

“ಒಂದೇ ತರ.”

ಮೇಷ್ಟ್ರು ಇನ್ನೊಮ್ಮೆ ಹೇಳಿಸಿದರು. ಬಾಗಿಲಲ್ಲಿ ಎಲ್ಲಿ ನಿಲ್ಲಿಸಿದರು, ಬೆರಳು ಅಲ್ಲಾಡಿಸಿದರೇ, ದನಿ ಎಷ್ಟು ಗಟ್ಟಿಯಿತ್ತು, ಎಲ್ಲ ಕೇಳಿದರು. ಆಯಾ ಇಂಥ ತಂದೆಯನ್ನು ಜನ್ಮದಲ್ಲಿ ನೋಡಿರಲಿಲ್ಲ. ಹೆಂಡತಿ ಕಣ್ಣೊರೆಸಿಕೊಂಡು ಗಂಡನ ಪಾದದ ಮೇಲಿಂದ ಇಳಿದು ಪರದೆ ಅಂಗಡಿಗೆ ಹೊರಟರು. ಆ ದಿನ ಮೇಷ್ಟ್ರ ಕಾರು ಹತ್ತಿದ ಪ್ರತಿ ಶಿಷ್ಯನಿಗೂ ಗೇರಿನ ಪಾಠಕ್ಕಿಂತ ಮೊದಲು ಸುದ್ದಿ ತಲುಪಿತು: ಮಗಳಿಗೆ ಶಾಲೆಯಲ್ಲಿ ಬೈಗುಳ ಬಿದ್ದಿದೆ, ಲೇಟಾಗಿ ಹೋದದ್ದಕ್ಕೆ, ಎಲ್ಲರಿಗೂ ಬೈಯುವ ಹಾಗೆಯೇ. ಶಿಷ್ಯರು ಅಭಿನಂದಿಸಬೇಕೋ ಸಮಾಧಾನ ಹೇಳಬೇಕೋ ತಿಳಿಯದೆ ಸೀಟು ಬೆಲ್ಟು ಹಾಕಿಕೊಂಡರು.

ಸಂಜೆ ಗೇಟಿನಲ್ಲಿ ಬಟಾಣಿ ಮುಖ ಊದಿಸಿಕೊಂಡೇ ಬಂದಳು. ಕಿಟಕಿ ಪಕ್ಕ ಜಾಗ ಸಿಕ್ಕಿತು, ಶೂ ಕಳೆದುಕೊಂಡವನು ಫ್ರೆಂಡ್ ಆದ, ಅದೆಲ್ಲ ಆಮೇಲೆ ತಿಳಿದ ಸಂಗತಿ. ಮೊದಲು ವಿಚಾರಣೆ.

“ನಿನ್ನಿಂದ ನಂಗೆ ಬೈಸ್ಕೊಳ್ಳೋ ಹಾಗಾಯ್ತು. ಬೆಳಗ್ಗೆ ಪಟ್ಟಿ ಹಾಕೋಕೇ ಅಷ್ಟೊತ್ತು ಮಾಡ್ತೀಯ. ನಾಳೆಯಿಂದ ನಾನೇ ಹಾಕ್ಕೋತೀನಿ.”

ಮೇಷ್ಟ್ರು ರಸ್ತೆ ಬದಿಯಲ್ಲಿ, ನಾಲ್ಕು ಜನರ ಎದುರು, ತಲೆ ತಗ್ಗಿಸಿ ನಿಂತು, ತಪ್ಪಾಯಿತು, ಇನ್ನು ಮುಂದೆ ತಡ ಮಾಡುವುದಿಲ್ಲ ಎಂದು ಒಪ್ಪಿಕೊಂಡರು. ಮೀಸೆಯ ಅಡಿಯಲ್ಲಿ ನಗು ತಡೆಯಲಾಗದೆ ಕೆಮ್ಮಿದರು. ಬಟಾಣಿ ಅದನ್ನು ನೋಡಿಯೂ ನೋಡದವಳಂತೆ ವಾಕರ್ ತಿರುಗಿಸಿ, ಬೇಗ ಬಾ ಎಂದು ಹೇಳಿ, ಮುಂದೆ ಹೊರಟಳು.